ಜೂಜಿನಲ್ಲಿ ಕೈ ಬರಿದಾದ ಗೆಳೆಯ ಸಾಲ ಕೇಳಿದಾಗ ಏನು ಮಾಡಬೇಕು?

ಐಪಿಎಲ್ ಪಂದ್ಯಗಳು ಮುಗಿಯುತ್ತ ಬಂದಾಗ, ದೀಪಾವಳಿಯ ಇಸ್ಪೀಟು ಕಳೆದ ಮೇಲೆ, ಓದುಗರಿಂದ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಬರುತ್ತದೆ. ಜೊತೆಯಲ್ಲಿ ಓದಿದವನು, ಪಕ್ಕದ ಮನೆಯವನು, ಒಂದೇ ಕಾರ್ಖಾನೆಯಲ್ಲಿ ದುಡಿಯುವವನು ಕ್ರಿಕೆಟ್ ಬೆಟ್ಟಿಂಗ್‌ನಲ್ಲೋ ಆನ್‌ಲೈನ್ ರಮ್ಮಿಯಲ್ಲೋ ಅಂದರ್ ಬಾಹರ್‌ನಲ್ಲೋ ಇದ್ದದ್ದನ್ನೆಲ್ಲ ಕಳೆದುಕೊಂಡು ಈಗ ಕೈಸಾಲ ಕೇಳುತ್ತಿದ್ದಾನೆ. ಕೊಡಬೇಕೇ, ಬೇಡವೇ? ಕೊಟ್ಟರೆ ಹಣವೂ ಹೋಗಿ ಗೆಳೆತನವೂ ಹೋದೀತೆಂಬ ಭಯ. ಕೊಡದಿದ್ದರೆ ಏನಾದರೂ ಮಾಡಿಕೊಂಡಾನೆಂಬ ಭಯ.

ನನ್ನ ಉತ್ತರ ಇದು: ಅವನನ್ನು ಕೈಬಿಡಬೇಡಿ, ಹಣವನ್ನು ಅವನ ಕೈಗೂ ಕೊಡಬೇಡಿ. ತೀರಬೇಕಾದ ಸಾಲಕ್ಕೆ ನೇರವಾಗಿ ಹೋಗಿ ಜಮೆಯಾಗುವ ಹಣ ಸಹಾಯವಾಗುತ್ತದೆ. ಅವನ ಖಾತೆಯ ಮೂಲಕ ಹಾದುಹೋಗುವ ಹಣ ಸುಲಭವಾಗಿ ಮತ್ತೆ ಆಟಕ್ಕೇ ಸೇರುತ್ತದೆ. ಅವನು ಕೆಟ್ಟವನೆಂದು ಇದನ್ನು ಹೇಳುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಜೂಜಿನ ಗೀಳಿಗೂ ಜಾಗವಿದೆ. ಮನೋವೈದ್ಯರು ಇದನ್ನು ಗುರುತಿಸಲು ನೋಡುವ ಲಕ್ಷಣಗಳಲ್ಲಿ ಎರಡನ್ನು ನೀವೂ ತಿಳಿದಿರಬೇಕು. ಒಂದು, ಸೋತದ್ದನ್ನು ಗೆದ್ದು ತುಂಬಿಕೊಳ್ಳಲು ಮರುದಿನವೇ ಮತ್ತೆ ಆಡಲು ಹೋಗುವುದು. ಇನ್ನೊಂದು, ಜೂಜು ತಂದೊಡ್ಡಿದ ಇಕ್ಕಟ್ಟಿನಿಂದ ಪಾರಾಗಲು ಬೇರೆಯವರ ಹಣವನ್ನು ನೆಚ್ಚುವುದು. ನಿಮ್ಮ ಮುಂದೆ ಬಂದು ನಿಂತಿರುವ ಸಾಲದ ಬೇಡಿಕೆಯೂ ಆ ಕಾಯಿಲೆಯ ಲಕ್ಷಣವಾಗಿರಬಹುದು ಎಂಬುದನ್ನು ಮರೆಯಬೇಡಿ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಗೆಳೆಯ ಎಂದು ಬರೆದಿದ್ದೇನೆ. ಗೆಳತಿಯಾದರೂ, ಸೋದರಮಾವನ ಮಗನಾದರೂ ಕ್ರಮ ಇದೇ.

ಏನೇನು ಬೇಕು?

ಒಂದು ನೋಟ್‌ಪುಸ್ತಕ. ಇಬ್ಬರಿಗೂ ಬಿಡುವಿರುವ ಒಂದು ಸಂಜೆ. ಗೆಳೆಯನ ಕಳೆದ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಎಲ್ಲ ಖಾತೆಗಳದ್ದೂ. ಅವನ ಕ್ರೆಡಿಟ್ ವರದಿ, ಅಂದರೆ ಬ್ಯಾಂಕು ಮತ್ತು ಫೈನಾನ್ಸ್ ಕಂಪನಿಗಳಲ್ಲಿ ಅವನ ಹೆಸರಿನಲ್ಲಿ ಎಷ್ಟು ಸಾಲವಿದೆ, ಯಾವ ಕಂತು ತಪ್ಪಿದೆ ಎಂದು ತೋರಿಸುವ ದಾಖಲೆ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ ನಾಲ್ಕು ಸಂಸ್ಥೆಗಳೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಅದನ್ನು ಅವನೇ ತನ್ನ ಮೊಬೈಲಿನಿಂದ ತೆಗೆಸಬೇಕು. ಇವೆಲ್ಲದರ ಜೊತೆಗೆ ಅವನ ಮನೆಯವರಲ್ಲಿ ಒಬ್ಬರಿಗಾದರೂ ವಿಷಯ ಗೊತ್ತಿರಬೇಕು. ಹೆಂಡತಿಗೋ ತಾಯಿಗೋ ಅಣ್ಣನಿಗೋ ತಿಳಿಯದೆ ನಡೆಯುವ ಸಹಾಯ ಗುಟ್ಟಿನಲ್ಲೇ ಹಾಳಾಗುತ್ತದೆ.

1. ಕೇಳಿದ ದಿನವೇ ಕೊಡಬೇಡಿ

ಇಂಥ ಬೇಡಿಕೆಗೆ ಯಾವಾಗಲೂ ಗಡುವು ಇರುತ್ತದೆ. ಇನ್ನು ಒಂದು ಗಂಟೆಯೊಳಗೆ ಬೇಕು, ರಾತ್ರಿ ಎಂಟಕ್ಕೆ ಮೊದಲು ಬೇಕು. ಎಷ್ಟೋ ಸಲ ಆ ಗಡುವು ಸಾಲ ಕೊಟ್ಟವನದ್ದಲ್ಲ, ಪಂದ್ಯ ಶುರುವಾಗುವ ಹೊತ್ತು. ಆದ್ದರಿಂದ ಮೊದಲ ಉತ್ತರವನ್ನು ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಿ: “ಇವತ್ತು ಹಣ ಹಾಕುವುದಿಲ್ಲ. ನಾಳೆ ಸಂಜೆ ಮನೆಗೆ ಬಾ, ಯಾರ್‍ಯಾರಿಗೆ ಎಷ್ಟು ಕೊಡಬೇಕು ಎಲ್ಲ ಬರೆದುಕೊಂಡು ಬಾ, ಕೂತು ನೋಡೋಣ.” ಬಯ್ಯಬೇಡಿ, ಉಪದೇಶ ಮಾಡಬೇಡಿ. ನಾಚಿಕೆಯಿಂದ ಕುಗ್ಗಿದವನಿಗೆ ಬೈಗುಳ ಸೇರಿದರೆ ಮುಂದಿನ ಸಲ ಅವನು ನಿಮ್ಮ ಬಳಿಗೆ ಬರುವ ಬದಲು ಮೀಟರ್ ಬಡ್ಡಿಯವರ ಬಳಿಗೆ ಹೋಗುತ್ತಾನೆ.

ಇಲ್ಲಿ ಜನ ಎಡವುವುದು ಎರಡು ಕಡೆ. ಮೊದಲನೆಯದು, “ಅಮ್ಮನಿಗೆ ಆಸ್ಪತ್ರೆ ಖರ್ಚು” ಎಂಬಂಥ ಕಾರಣ. ಅದು ನಿಜವೂ ಆಗಿರಬಹುದು. ನಿಜವಾಗಿದ್ದರೆ ಆಸ್ಪತ್ರೆಯ ಕೌಂಟರಿಗೆ ನೀವೇ ಹೋಗಿ ಕಟ್ಟಿ. ಹಾಗೆ ಮಾಡುತ್ತೇನೆ ಎಂದಾಗ ಮಾತು ಬದಲಾದರೆ ಅಲ್ಲಿಗೆ ನಿಲ್ಲಿಸಿ. ಎರಡನೆಯದು, ಅವನು ಕಳಿಸುವ ಬೇರೊಬ್ಬರ ಯುಪಿಐ ಐಡಿ ಅಥವಾ ಕ್ಯೂಆರ್ ಕೋಡ್. “ಇವರಿಗೆ ಹಾಕಿಬಿಡು, ನನಗೆ ಸಾಲ ಕೊಟ್ಟವರು” ಎಂದರೂ ಗುರುತಿಲ್ಲದ ಹೆಸರಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಬೆಟ್ಟಿಂಗ್ ಏಜೆಂಟರು ಹಣ ತರಿಸಿಕೊಳ್ಳುವುದು ಹೀಗೆಯೇ, ಯಾರ್‍ಯಾರದೋ ಖಾತೆಗಳಿಗೆ.

2. ಜೀವಕ್ಕೆ ಅಪಾಯವಿದೆಯೇ ಎಂದು ನೇರವಾಗಿ ಕೇಳಿ

ಲೆಕ್ಕದ ಮಾತಿಗೆ ಮೊದಲೇ ಇದನ್ನು ಮಾಡಬೇಕು. ಬೆಟ್ಟಿಂಗ್ ಸಾಲದಿಂದ ಪ್ರಾಣ ಕಳೆದುಕೊಂಡವರ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. “ಸಾಯುವ ಯೋಚನೆ ಬಂದಿದೆಯಾ?” ಎಂದು ಸ್ಪಷ್ಟವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಳಗೆ ಇದ್ದರೆ ಹೊರಗೆ ಬರಲು ದಾರಿಯಾಗುತ್ತದೆ.

ಹೌದು ಎಂದರೆ, ಅಥವಾ ಮೌನವಾಗಿ ತಲೆ ತಗ್ಗಿಸಿದರೆ, ಅವನನ್ನು ಒಬ್ಬನೇ ಬಿಡಬೇಡಿ. ಮನೆಯವರಿಗೆ ತಿಳಿಸಿ. ಹೊಲದ ಮನೆಯಾದರೆ ಕೀಟನಾಶಕದ ಡಬ್ಬಿಗಳನ್ನು, ಯಾವ ಮನೆಯಾದರೂ ಮಾತ್ರೆಗಳನ್ನು ಕೈಗೆಟುಕದಂತೆ ತೆಗೆದಿಡಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ಕೇಂದ್ರ ಸರ್ಕಾರದ ಉಚಿತ ಸೇವೆ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತನಾಡುತ್ತಾರೆ. ತಕ್ಷಣದ ಅಪಾಯವಿದ್ದರೆ 112 ಅಥವಾ ಹತ್ತಿರದ ಆಸ್ಪತ್ರೆ.

“ಹಣ ಕೊಡದಿದ್ದರೆ ಸಾಯುತ್ತೇನೆ” ಎಂದರೆ? ಆ ಮಾತನ್ನು ಪೂರ್ತಿ ನಂಬಿ, ಬೆದರಿಕೆ ಎಂದು ತಳ್ಳಿಹಾಕಬೇಡಿ. ಆದರೆ ಅದಕ್ಕೆ ಉತ್ತರವಾಗಿ ಹಣ ಕೊಡಬೇಡಿ, ಜೊತೆಗಿರಿ, ವೈದ್ಯರ ಬಳಿಗೆ ಕರೆದೊಯ್ಯಿರಿ. ಆ ರಾತ್ರಿ ಕೊಟ್ಟ ಹಣ ಮರುದಿನ ಆಟದಲ್ಲಿ ಹೋದರೆ ಅವನು ಇನ್ನೂ ಆಳಕ್ಕೆ ಕುಸಿಯುತ್ತಾನೆ.

3. ಸಾಲದ ಪೂರ್ತಿ ಪಟ್ಟಿ ಬರೆಸಿ

ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಹಂತ ಇದು. ಇದಕ್ಕೇ ಜನ ಕಡಿಮೆ ಸಮಯ ಕೊಡುತ್ತಾರೆ. ಜೂಜಿನಲ್ಲಿ ಸೋತವರು ಮೊದಲು ಹೇಳುವ ಮೊತ್ತ ನಿಜವಾದ ಸಾಲಕ್ಕಿಂತ ಕಡಿಮೆ ಇರುತ್ತದೆ; ನಾಚಿಕೆಯಿಂದಲೋ, ಉಳಿದದ್ದನ್ನು ಗೆದ್ದು ತೀರಿಸುತ್ತೇನೆಂಬ ಗುಪ್ತ ಆಸೆಯಿಂದಲೋ ಮುಚ್ಚಿಡುತ್ತಾರೆ. ಪೂರ್ತಿ ಪಟ್ಟಿ ಕಾಣದೆ ಕೊಟ್ಟ ಸಾಲ ವ್ಯರ್ಥ. ಒಂದು ಬಾಯಿ ಮುಚ್ಚಿಸುವಷ್ಟರಲ್ಲಿ ಇನ್ನೊಂದು ಬಾಯಿ ತೆರೆದುಕೊಂಡಿರುತ್ತದೆ.

ನೋಟ್‌ಪುಸ್ತಕದಲ್ಲಿ ಐದು ಅಂಕಣ ಎಳೆಯಿರಿ: ಯಾರಿಗೆ, ಅಸಲು ಎಷ್ಟು, ಬಡ್ಡಿ ಎಷ್ಟು, ಯಾವ ದಿನ ಕಟ್ಟಬೇಕು, ಏನು ಅಡವಿಟ್ಟಿದ್ದಾನೆ. ನಂತರ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಕ್ರೆಡಿಟ್ ವರದಿಯ ಜೊತೆ ಹೋಲಿಸಿ. ಕೈಬರಹದ ಪಟ್ಟಿಯಲ್ಲಿ ಇಲ್ಲದ ಸಾಲ ವರದಿಯಲ್ಲಿ ಕಂಡರೆ ಶಾಂತವಾಗಿ ಸೇರಿಸಿ. ಸಾಲಗಳು ಸಾಮಾನ್ಯವಾಗಿ ಈ ಗುಂಪುಗಳಲ್ಲಿ ಬೀಳುತ್ತವೆ, ಒಂದೊಂದರ ನಡೆಯೂ ಬೇರೆ.

ಬ್ಯಾಂಕ್ ಸಾಲ ಮತ್ತು ಕ್ರೆಡಿಟ್ ಕಾರ್ಡ್: ಕಾರ್ಡಿನಲ್ಲಿ “ಕನಿಷ್ಠ ಬಾಕಿ” ಮಾತ್ರ ಕಟ್ಟುತ್ತ ಬಂದಿದ್ದರೆ ಉಳಿದ ಮೊತ್ತದ ಮೇಲೆ ತಿಂಗಳಿಗೆ ಶೇ 3ರಿಂದ 4ರ ಆಸುಪಾಸಿನ ಬಡ್ಡಿ ಬೀಳುತ್ತಿರುತ್ತದೆ. ಬ್ಯಾಂಕಿಗೆ ಹೋಗಿ ಬಾಕಿಯನ್ನು ಕಂತುಗಳಾಗಿ ಪರಿವರ್ತಿಸಿಕೊಡಲು ಕೇಳಬಹುದು. “ಸೆಟ್ಲ್‌ಮೆಂಟ್” ಎಂದರೆ ಪೂರ್ತಿ ಬಾಕಿಗಿಂತ ಕಡಿಮೆ ಹಣಕ್ಕೆ ಒಪ್ಪಿ ಲೆಕ್ಕ ಮುಗಿಸುವುದು. ಅದು ಕ್ರೆಡಿಟ್ ವರದಿಯಲ್ಲಿ ಕಪ್ಪುಚುಕ್ಕೆಯಾಗಿ ಉಳಿಯುತ್ತದೆ, ಆದ್ದರಿಂದ ಕೊನೆಯ ದಾರಿಯಾಗಿರಲಿ.

ಸಾಲದ ಆ್ಯಪ್‌ಗಳು: ಇವುಗಳಲ್ಲಿ ಅಧಿಕೃತವಾದವೂ ಇವೆ, ಕಳ್ಳ ಆ್ಯಪ್‌ಗಳೂ ಇವೆ. ನೋಂದಾಯಿತ ಸಂಸ್ಥೆಗಳ ಜೊತೆ ನಂಟಿರುವ ಆ್ಯಪ್‌ಗಳ ಪಟ್ಟಿಯನ್ನು ರಿಸರ್ವ್ ಬ್ಯಾಂಕ್ 2025ರಿಂದ ತನ್ನ ಜಾಲತಾಣದಲ್ಲಿ ಪ್ರಕಟಿಸಿದೆ. ಅದರಲ್ಲಿ ಹೆಸರು ಹುಡುಕಿ ನೋಡಿ. ಅಧಿಕೃತ ಆ್ಯಪ್ ಗ್ರಾಹಕನ ಫೋನಿನ ಸಂಪರ್ಕ ಪಟ್ಟಿಯನ್ನಾಗಲಿ ಫೋಟೋಗಳನ್ನಾಗಲಿ ತೆಗೆದುಕೊಳ್ಳುವಂತಿಲ್ಲ. ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಈ ನಿಯಮ ಮುರಿದರೆ ಮೊದಲು ಆ ಸಂಸ್ಥೆಗೆ ಬರಹದಲ್ಲಿ ದೂರು, ಅಲ್ಲಿ ನ್ಯಾಯ ಸಿಗದಿದ್ದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಯಾದ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು. ಅದರ ಮಾಹಿತಿಗೆ 14448. ತಿದ್ದಿದ ಅಶ್ಲೀಲ ಫೋಟೋ ಕಳಿಸಿ ಹೆದರಿಸುವವರಿದ್ದರೆ ಅದು ಸೈಬರ್ ಅಪರಾಧ. ತಡಮಾಡದೆ 1930ಕ್ಕೆ ಕರೆ ಮಾಡಿ, ಹೆದರಿ ಹಣ ಕಟ್ಟಬೇಡಿ. ಕಟ್ಟಿದವರನ್ನೇ ಅವರು ಮತ್ತೆ ಮತ್ತೆ ಹಿಂಡುತ್ತಾರೆ.

ಅಡವಿಟ್ಟ ಚಿನ್ನ: ಯಾರ ಚಿನ್ನ, ಯಾವ ಬ್ಯಾಂಕು ಅಥವಾ ಗಿರವಿ ಅಂಗಡಿ, ಹರಾಜಿನ ನೋಟಿಸ್ ಬಂದಿದೆಯೇ ಎಂದು ಬರೆದುಕೊಳ್ಳಿ. ಹೆಂಡತಿಯ ಮಾಂಗಲ್ಯ ಸರವೇ ಅಡವಿನಲ್ಲಿದ್ದು ಅವಳಿಗೆ ಗೊತ್ತಿಲ್ಲದಿರುವುದು ಅಪರೂಪವಲ್ಲ.

ಬಡ್ಡಿ ವ್ಯಾಪಾರಿಗಳು: “ನೂರಕ್ಕೆ ಐದು” ಎಂದರೆ ತಿಂಗಳಿಗೆ ಶೇ 5, ವರ್ಷಕ್ಕೆ ಶೇ 60. ಮೀಟರ್ ಬಡ್ಡಿ ಎಂದರೆ ವಾರಕ್ಕೋ ದಿನಕ್ಕೋ ಏರುವ ಬಡ್ಡಿ. ಹತ್ತು ಸಾವಿರ ಎಂದು ಹೇಳಿ, ಮೊದಲ ವಾರದ ಒಂದು ಸಾವಿರವನ್ನು ಮುರಿದುಕೊಂಡು ಒಂಬತ್ತು ಸಾವಿರ ಕೈಗಿಡುತ್ತಾರೆ. ಹೀಗಿದ್ದಲ್ಲಿ ಪಟ್ಟಿಯಲ್ಲಿ ನಿಜವಾಗಿ ಕೈಗೆ ಬಂದ ಹಣವನ್ನೂ ಈವರೆಗೆ ಕಟ್ಟಿದ ಹಣವನ್ನೂ ಬರೆಯಿರಿ. ಎಷ್ಟೋ ಸಲ ಅಸಲಿಗಿಂತ ಹೆಚ್ಚು ಆಗಲೇ ಹೋಗಿರುತ್ತದೆ. ಪರವಾನಗಿ ಇಲ್ಲದೆ ಬಡ್ಡಿ ವ್ಯವಹಾರ ಮಾಡುವುದು ಕರ್ನಾಟಕದಲ್ಲಿ ಅಪರಾಧ. ವಿಪರೀತ ಬಡ್ಡಿಯನ್ನು ತಡೆಯಲು 2004ರಲ್ಲೇ ಪ್ರತ್ಯೇಕ ಕಾಯ್ದೆ ಬಂದಿದೆ. ಸಾಲ ವಸೂಲಿಗೆ ಕಿರುಕುಳ ಕೊಡುವವರ ವಿರುದ್ಧ 2025ರಲ್ಲಿ ತಂದ ಕಾನೂನಿನಲ್ಲಿ ಹತ್ತು ವರ್ಷದವರೆಗಿನ ಸೆರೆವಾಸಕ್ಕೆ ಅವಕಾಶವಿದೆ. ಖಾಲಿ ಚೆಕ್‌, ಮನೆ ಪತ್ರ, ಆರ್‌ಸಿ ಪುಸ್ತಕ ಅವರ ಬಳಿ ಇದ್ದರೆ ಆ ವಿವರವನ್ನೂ ಬರೆದಿಡಿ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ, ಸಹಾಯವಾಣಿ 15100. ವಕೀಲರ ಶುಲ್ಕ ಕೊಡಲಾಗದವರು ಅಲ್ಲಿಂದ ಶುರು ಮಾಡಬಹುದು.

ಬುಕ್ಕಿಯ ಬಾಕಿ: ಬುಕ್ಕಿ ಎಂದರೆ ಬಾಜಿ ಕಟ್ಟಿಸಿಕೊಳ್ಳುವವನು. ಭಾರತೀಯ ಒಪ್ಪಂದ ಕಾಯ್ದೆಯ (1872) 30ನೇ ಕಲಮಿನ ಪ್ರಕಾರ ಬಾಜಿಯ ಒಪ್ಪಂದ ಅನೂರ್ಜಿತ. ಅಂದರೆ ಬಾಜಿಯಲ್ಲಿ ಗೆದ್ದ ಹಣಕ್ಕಾಗಿ ಯಾರೂ ನ್ಯಾಯಾಲಯದಲ್ಲಿ ದಾವೆ ಹೂಡುವಂತಿಲ್ಲ. ಇದನ್ನು ನಿಮ್ಮ ಹಣದಿಂದ ಎಂದೂ ತೀರಿಸಬೇಡಿ. ಬಾಕಿ ತೀರಿದ ದಿನವೇ ಬುಕ್ಕಿ ಮತ್ತೆ ಬಾಜಿಗೆ ಬಾಗಿಲು ತೆರೆಯುತ್ತಾನೆ. ನೀವೇ ಮಧ್ಯಸ್ಥಿಕೆಗೆ ಹೋಗಬೇಡಿ. ಅವನ ಕಡೆಯವರು ಮನೆ ಬಾಗಿಲಿಗೆ ಬಂದರೆ ಪೊಲೀಸ್ ದೂರು ಕೊಡಬೇಕು. ಬಾಜಿ ಕಟ್ಟುವುದೂ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಅಪರಾಧವಾಗುವುದರಿಂದ ಗೆಳೆಯ ಹಿಂಜರಿಯುತ್ತಾನೆ. ಹಾಗಾಗಿ ಒಬ್ಬ ವಕೀಲರ ಜೊತೆ ಮಾತನಾಡಿ ಹೋಗುವುದು ಒಳ್ಳೆಯದು. ಜೀವ ಬೆದರಿಕೆ ಇದ್ದರೆ ಮಾತ್ರ ವಕೀಲರಿಗಾಗಿ ಕಾಯಬಾರದು.

ಚೀಟಿ, ಸ್ವಸಹಾಯ ಸಂಘ, ನೆಂಟರು, ಗೆಳೆಯರು: ಎತ್ತಿದ ಚೀಟಿಯ ಉಳಿದ ಕಂತುಗಳನ್ನೂ ಸಾಲವೆಂದೇ ಲೆಕ್ಕ ಹಾಕಿ. ಸಂಘದ ಸಾಲ ಹೆಂಡತಿಯ ಹೆಸರಿನಲ್ಲಿದ್ದರೆ ಉಳಿದ ಸದಸ್ಯರೂ ಅದಕ್ಕೆ ಹೊಣೆಯಾಗಿರುತ್ತಾರೆ. ಅದನ್ನು ಪಟ್ಟಿಯಲ್ಲಿ ಮೇಲಕ್ಕೆ ತನ್ನಿ.

4. ಆಟ ನಿಂತಿದೆಯೇ ಎಂದು ಖಚಿತ ಮಾಡಿಕೊಳ್ಳಿ

“ಇನ್ನು ಮುಂದೆ ಆಡುವುದಿಲ್ಲ, ದೇವರಾಣೆ” ಎಂಬ ಮಾತು ಆ ಕ್ಷಣಕ್ಕೆ ನಿಜವೇ. ಆದರೆ ಆಣೆಯ ಬಲದ ಮೇಲೆ ಸಾಲ ಕೊಡಬಾರದು. ಕಣ್ಣಿಗೆ ಕಾಣುವ ಕೆಲಸಗಳು ನಡೆಯಬೇಕು.

ಫೋನಿನಿಂದ ಆಟದ ಆ್ಯಪ್‌ಗಳನ್ನು ತೆಗೆದರೆ ಸಾಲದು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಅದರಲ್ಲಿ ಶಿಕ್ಷೆ ಇರುವುದು ಆಡಿಸುವವರಿಗೆ, ಜಾಹೀರಾತು ಮಾಡುವವರಿಗೆ, ಹಣದ ವ್ಯವಹಾರ ನಡೆಸಿಕೊಡುವವರಿಗೆ, ಆಡಿದವರಿಗಲ್ಲ. ದೊಡ್ಡ ರಮ್ಮಿ ಕಂಪನಿಗಳೂ ಫ್ಯಾಂಟಸಿ (ನಿಜವಾದ ಆಟಗಾರರನ್ನು ಆರಿಸಿ ತಂಡ ಕಟ್ಟುವ ಆಟ) ಕಂಪನಿಗಳೂ ಆಗಲೇ ಹಣದ ಆಟ ನಿಲ್ಲಿಸಿದವು. ಆದರೆ ವಿದೇಶದಲ್ಲಿ ಕುಳಿತು ನಡೆಸುವ ಬೆಟ್ಟಿಂಗ್ ತಾಣಗಳು ಏಜೆಂಟರ ಮೂಲಕ ನಡೆಯುತ್ತವೆ. ವಾಟ್ಸ್ಆ್ಯಪ್ ಅಥವಾ ಟೆಲಿಗ್ರಾಂನಲ್ಲಿ “ಐಡಿ” ಕೊಡುತ್ತಾರೆ. ಐಡಿ ಎಂದರೆ ಆಡಲು ಬೇಕಾದ ಹೆಸರು ಮತ್ತು ಪಾಸ್‌ವರ್ಡ್. ಆದ್ದರಿಂದ ಏಜೆಂಟರ ನಂಬರುಗಳನ್ನು ಬ್ಲಾಕ್ ಮಾಡಿ, ಆ ಗುಂಪುಗಳಿಂದ ಹೊರಬಂದು, ಸಾಧ್ಯವಾದರೆ ಸಿಮ್ಮನ್ನೇ ಬದಲಿಸಬೇಕು. ಬ್ಯಾಂಕಿನ ಆ್ಯಪ್‌ನಲ್ಲಿ ಯುಪಿಐ ಮಿತಿಯನ್ನು ಕೆಳಕ್ಕೆ ಇಳಿಸಬೇಕು. ಸಂಬಳ ಬಂದ ದಿನವೇ ಮನೆಖರ್ಚಿನ ಹಣ ಹೆಂಡತಿಯ ಅಥವಾ ತಾಯಿಯ ಖಾತೆಗೆ ತಾನಾಗಿ ಹೋಗುವಂತೆ ಬ್ಯಾಂಕಿನಲ್ಲಿ ಸೂಚನೆ ಬರೆದುಕೊಡಬೇಕು. ಇಸ್ಪೀಟು ಕ್ಲಬ್ಬಿನ, ಹಿತ್ತಲಿನ ಅಂದರ್ ಬಾಹರ್‌ನ ಚಟವಾದರೆ ಫೋನಿನಿಂದ ಏನೂ ಆಗದು. ಸಂಜೆಯ ಆ ಎರಡು ಗಂಟೆ ಅವನು ಎಲ್ಲಿರುತ್ತಾನೆ, ಯಾರ ಜೊತೆ ಇರುತ್ತಾನೆ ಎಂಬುದನ್ನೇ ಬದಲಾಯಿಸಬೇಕು.

ಇದರ ಜೊತೆಗೆ ಚಿಕಿತ್ಸೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಮೊಬೈಲ್ ಮತ್ತು ಆನ್‌ಲೈನ್ ಆಟಗಳ ಗೀಳಿಗೆಂದೇ “ಶಟ್ ಕ್ಲಿನಿಕ್” 2014ರಿಂದ ನಡೆಯುತ್ತಿದೆ. ಸಾಲಕ್ಕೆ ನೀವು ಹಾಕಬೇಕಾದ ಷರತ್ತು ಒಂದೇ ಎಂದಾದರೆ ಅದು ಇದಾಗಿರಲಿ: ಮೊದಲ ಭೇಟಿಯ ಚೀಟಿ ತೋರಿಸಿದ ಮೇಲೆ ಮುಂದಿನ ಮಾತು. ಇದು ಕಠಿಣವೆನಿಸಿದರೂ ನಾನು ಇದರಲ್ಲಿ ರಾಜಿ ಮಾಡಿಕೊಳ್ಳಿ ಎನ್ನಲಾರೆ.

5. ನಿಮ್ಮ ಮೊತ್ತವನ್ನು ಅವನ ಸಾಲ ನೋಡಿ ಅಲ್ಲ, ನಿಮ್ಮ ಮನೆ ನೋಡಿ ನಿರ್ಧರಿಸಿ

ಮರಳಿ ಬಾರದಿದ್ದರೂ ನಿಮ್ಮ ಮನೆಯ ಒಲೆ ಉರಿಯುವಷ್ಟು, ಮಕ್ಕಳ ಶುಲ್ಕ ನಿಲ್ಲದಷ್ಟು ಮೊತ್ತವೇ ನಿಮ್ಮ ಮಿತಿ. ಅವನಿಗೆ ಐದು ಲಕ್ಷ ಬೇಕು, ನಿಮ್ಮಿಂದ ಇಪ್ಪತ್ತು ಸಾವಿರ ಸಾಧ್ಯ ಎಂದರೆ ಇಪ್ಪತ್ತು ಸಾವಿರವೇ ಸರಿ. ಕೊಡುವ ಮುಂಚೆ ಮನೆಯಲ್ಲಿ ಹೇಳಿ. ಗೆಳೆಯನಿಗಾಗಿ ನೀವು ವೈಯಕ್ತಿಕ ಸಾಲ ತೆಗೆಯಬೇಡಿ, ನಿಮ್ಮ ಚಿನ್ನ ಅಡವಿಡಬೇಡಿ, ಭವಿಷ್ಯನಿಧಿ ಮುಟ್ಟಬೇಡಿ. ಸಾಲ ತಂದು ಸಾಲ ಕೊಟ್ಟರೆ ಮುಳುಗುವ ಮನೆಗಳು ಎರಡಾಗುತ್ತವೆ.

ದಾನವೋ ಸಾಲವೋ ಎಂಬುದನ್ನೂ ಈಗಲೇ ನಿರ್ಧರಿಸಿ. ಕೊಟ್ಟುಬಿಡುವ ಮನಸ್ಸಿದ್ದರೆ ಹಾಗೆಂದೇ ಹೇಳಿ. ಬಾಯಲ್ಲಿ “ಇರಲಿ ಬಿಡೋ, ಆದಾಗ ಕೊಡು” ಎಂದು, ಒಳಗೊಳಗೆ ತಿಂಗಳು ಎಣಿಸುವುದರಿಂದ ಇಬ್ಬರಿಗೂ ನೋವು.

6. ಹಣ ನೇರವಾಗಿ ಸೇರಬೇಕಾದಲ್ಲಿಗೆ ಸೇರಲಿ

ಪಟ್ಟಿಯಿಂದ ಯಾವುದನ್ನು ಮೊದಲು ತೀರಿಸಬೇಕು? ನನ್ನ ಕ್ರಮ ಹೀಗಿದೆ. ಮೊದಲು ಅಕ್ಕಿ ಬೇಳೆ, ಮನೆ ಬಾಡಿಗೆ, ಮಕ್ಕಳ ಶುಲ್ಕ, ಔಷಧ. ಅಂಗಡಿಯವರಿಗೆ, ಮನೆ ಮಾಲೀಕರಿಗೆ, ಶಾಲೆಯ ಖಾತೆಗೆ ನೀವೇ ಕಟ್ಟಿ ರಸೀದಿ ಪಡೆಯಿರಿ. ಆಮೇಲೆ ಕೈತಪ್ಪಿಹೋಗಲಿರುವ ವಸ್ತು: ಹರಾಜಿಗೆ ಬಂದಿರುವ ಚಿನ್ನ, ಕಂತು ತಪ್ಪಿ ಜಪ್ತಿಯಾಗಲಿರುವ ಆಟೊ, ಅಂದರೆ ದುಡಿಮೆಯ ದಾರಿ. ನಂತರ ಬಡ್ಡಿ ಹೆಚ್ಚಿರುವ ಸಾಲ. ಬ್ಯಾಂಕಿನವರ ಜೊತೆ ಮಾತನಾಡಿ ಕಂತು ಮಾಡಿಸಬಹುದು, ನೆಂಟರಿಗೆ ಕಾಯಲು ಹೇಳಬಹುದು. ಬುಕ್ಕಿಯ ಹೆಸರು ಈ ಕ್ರಮದಲ್ಲಿ ಇಲ್ಲ.

ಬಿಡಿಸಿದ ಚಿನ್ನ ಅವನ ಜೇಬಿಗೆ ಹೋಗದಂತೆ ನೋಡಿಕೊಳ್ಳಿ. ಬ್ಯಾಂಕಿಗೆ ಹೋಗುವಾಗ ಚಿನ್ನ ಯಾರದೋ ಅವರನ್ನೂ ಕರೆದೊಯ್ದು ಅವರ ಕೈಗೇ ಕೊಡಿಸಿ. ಸಾಲ ಪೂರ್ತಿ ತೀರಿಸಿದ ಕಡೆಯಲ್ಲೆಲ್ಲ “ಬಾಕಿ ಇಲ್ಲ” ಎಂಬ ಪತ್ರ ಪಡೆದು, ಇಟ್ಟಿದ್ದ ಚೆಕ್‌ಗಳನ್ನೂ ಪತ್ರಗಳನ್ನೂ ಆ ಹೊತ್ತಿಗೇ ಮರಳಿ ತನ್ನಿ. ಕ್ರೆಡಿಟ್ ಕಾರ್ಡ್ ಬಾಕಿ ತೀರಿಸಿದರೆ ಕಾರ್ಡನ್ನೂ ರದ್ದು ಮಾಡಿಸಿ. ಬಾಕಿ ತೀರಿದ ಕಾರ್ಡೆಂದರೆ ಮತ್ತೆ ಪೂರ್ತಿ ಮಿತಿ ತೆರೆದುಕೊಂಡ ಕಾರ್ಡು ಎಂಬುದನ್ನು ಬಹಳ ಜನ ಮರೆಯುತ್ತಾರೆ.

7. ಬರಹದಲ್ಲಿ ಇರಲಿ

ಗೆಳೆತನದಲ್ಲಿ ಕಾಗದ ಏಕೆ ಎಂದು ಸಂಕೋಚ ಬೇಡ. ಮೊತ್ತ ಎಷ್ಟು, ಯಾವಾಗ ಎಂಬ ಜಗಳ ಮುಂದೆ ಬಾರದಿರಲು ಕಾಗದ ಬೇಕು.

ಸರಳವಾದದ್ದು ಪ್ರೋನೋಟು, ಅಂದರೆ ಕೇಳಿದಾಗ ಇಷ್ಟು ಹಣ ಕೊಡುತ್ತೇನೆ ಎಂದು ಸಾಲ ಪಡೆದವನು ಸಹಿ ಮಾಡಿದ ವಾಗ್ದಾನ ಪತ್ರ. ಅದರಲ್ಲಿ ದಿನಾಂಕ, ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ, ಇಬ್ಬರ ಪೂರ್ತಿ ಹೆಸರು ವಿಳಾಸ ಇರಬೇಕು. ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಿ ಅದರ ಮೇಲೆ ಹಾಯುವಂತೆ ಸಹಿ ಹಾಕಿಸಿ. ಸ್ಟಾಂಪಿಲ್ಲದ ಪ್ರೋನೋಟನ್ನು ಆಮೇಲೆ ದಂಡ ಕಟ್ಟಿ ಸರಿಪಡಿಸಲು ಬರುವುದಿಲ್ಲ, ನ್ಯಾಯಾಲಯ ಅದನ್ನು ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ. ಸಾಕ್ಷಿಗಳು ಕಡ್ಡಾಯವಲ್ಲ, ಅವನ ಮನೆಯ ಒಬ್ಬರು ಸಹಿ ಹಾಕಿದರೆ ಒಳ್ಳೆಯದು.

ನೀವು ಕಟ್ಟಿದ ಹಣವೆಲ್ಲ ಬ್ಯಾಂಕ್ ಅಥವಾ ಯುಪಿಐ ಮೂಲಕವೇ ಹೋಗಲಿ. 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ತಡೆಯುತ್ತದೆ, ದಂಡ ಆ ಮೊತ್ತದಷ್ಟೇ ಇರಬಹುದು. ಯಾವ ಉದ್ದೇಶಕ್ಕೆ ಕೊಟ್ಟದ್ದು ಎಂಬುದನ್ನು ವಾಟ್ಸ್ಆ್ಯಪ್ ಸಂದೇಶದಲ್ಲಿ ಬರೆದಿಡಿ: “ನಿನ್ನ ಮಗಳ ಶಾಲಾ ಶುಲ್ಕಕ್ಕೆ ಕೈಸಾಲವಾಗಿ” ಎಂಬಷ್ಟು ಸಾಕು. ಜೂಜಾಡಲೆಂದೇ ಗೊತ್ತಿದ್ದು ಕೊಟ್ಟ ಸಾಲವಾದರೆ ಕಾನೂನುಬಾಹಿರ ಉದ್ದೇಶದ ಒಪ್ಪಂದವೆಂಬ ತಕರಾರು ಎದ್ದು ವಸೂಲಿ ಕಷ್ಟವಾಗುತ್ತದೆ.

ಬಡ್ಡಿ ಹಾಕಬೇಡಿ. ಅದು ಅವನ ಹೊರೆ ಹೆಚ್ಚಿಸುತ್ತದೆ, ನಿಮ್ಮನ್ನೂ ಅವನ ಪಟ್ಟಿಯಲ್ಲಿ ಬಡ್ಡಿಯವರ ಸಾಲಿಗೆ ಸೇರಿಸುತ್ತದೆ.

8. ಹಣ ಕೊಡುವುದಕ್ಕಿಂತ ಅಪಾಯಕಾರಿಯಾದ ಸಹಾಯಗಳು

ಹಣವಿಲ್ಲ ಎಂದಾಗ ಬೇರೆ ಬೇಡಿಕೆಗಳು ಬರುತ್ತವೆ. ಮೇಲ್ನೋಟಕ್ಕೆ ಅವು ಖರ್ಚಿಲ್ಲದವು.

“ಜಾಮೀನು ಹಾಕು, ಬರೀ ಒಂದು ಸಹಿ.” ಒಪ್ಪಂದ ಕಾಯ್ದೆಯಲ್ಲಿ ಜಾಮೀನುದಾರನ ಹೊಣೆ ಸಾಲ ಪಡೆದವನಷ್ಟೇ ಪೂರ್ತಿಯಾದದ್ದು. ಅವನು ಕಟ್ಟದಿದ್ದರೆ ಬ್ಯಾಂಕು ನೇರವಾಗಿ ನಿಮ್ಮ ಬಳಿಗೆ ಬರಬಹುದು. ಬೇಡ.

“ನಿನ್ನ ಹೆಸರಿನಲ್ಲಿ ಒಂದು ಮೊಬೈಲ್ ಕಂತಿನ ಮೇಲೆ ಕೊಡಿಸು.” ಆ ಮೊಬೈಲ್ ಅದೇ ಸಂಜೆ ಅರ್ಧ ಬೆಲೆಗೆ ಮಾರಾಟವಾಗಿ ಹಣ ಆಟಕ್ಕೆ ಹೋಗಬಹುದು, ಕಂತು ನಿಮಗೆ ಉಳಿಯುತ್ತದೆ. ಕ್ರೆಡಿಟ್ ಕಾರ್ಡ್ ಕೊಡುವುದೂ ಇದೇ.

“ನನ್ನ ಖಾತೆ ಬ್ಲಾಕ್ ಆಗಿದೆ, ನಿನ್ನ ಖಾತೆಗೆ ಸ್ವಲ್ಪ ಹಣ ಬರುತ್ತದೆ, ತೆಗೆದುಕೊಡು.” ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದ ಮಾತು ಇದು. ಬೆಟ್ಟಿಂಗ್ ಹಣವನ್ನೂ ಸೈಬರ್ ವಂಚನೆಯ ಹಣವನ್ನೂ ಸಾಗಿಸಲು ಬೇರೆಯವರ ಖಾತೆಗಳನ್ನು ಬಳಸುತ್ತಾರೆ. ಪೊಲೀಸರು ಅಂಥದ್ದನ್ನು “ಮ್ಯೂಲ್ ಖಾತೆ” ಎನ್ನುತ್ತಾರೆ. ಎಲ್ಲೋ ಬೇರೆ ರಾಜ್ಯದಲ್ಲಿ ಮೋಸ ಹೋದವರು ದೂರು ಕೊಟ್ಟರೆ ನಿಮ್ಮ ಸಂಬಳದ ಖಾತೆ ಸ್ಥಗಿತವಾಗುತ್ತದೆ, ವಿಚಾರಣೆಗೆ ನೀವು ಹೋಗಬೇಕಾಗುತ್ತದೆ. ಖಾತೆ, ಎಟಿಎಂ ಕಾರ್ಡ್, ಸಿಮ್, ಒಟಿಪಿ, ಆಧಾರ್ ಪ್ರತಿ ಯಾವುದನ್ನೂ ಕೊಡಬೇಡಿ.

9. ಮರುಪಾವತಿ

ಕಂತು ಚಿಕ್ಕದಿರಲಿ, ಸಂಬಳದ ಮರುದಿನಕ್ಕಿರಲಿ. ತಿಂಗಳಿಗೆ ಸಾವಿರ ರೂಪಾಯಿ ತಪ್ಪದೆ ಬರುವುದು, ವರ್ಷದ ಕೊನೆಗೆ ಒಟ್ಟಿಗೆ ಕೊಡುತ್ತೇನೆಂಬ ಮಾತಿಗಿಂತ ಎಷ್ಟೋ ಮೇಲು. “ಒಂದೇ ಸಲ ದೊಡ್ಡ ಮೊತ್ತ ಕೊಡುತ್ತೇನೆ” ಎಂದು ಅವನು ಉತ್ಸಾಹದಿಂದ ಹೇಳಿದರೆ ಆ ಹಣ ಎಲ್ಲಿಂದ ಬಂತೆಂದು ಕೇಳಿ. ಗೆದ್ದ ಹಣವಾಗಿದ್ದರೆ ಆಟ ಮತ್ತೆ ಶುರುವಾಗಿದೆ ಎಂದರ್ಥ.

ಕಂತು ತಪ್ಪಿದರೆ ಮೂರನೆಯ ದಿನವೇ ಮಾತನಾಡಿ, ಹಣಕ್ಕಿಂತ ಮೊದಲು ಅವನ ವಿಷಯ ವಿಚಾರಿಸಿ. ಈ ಗೀಳಿನಲ್ಲಿ ಮರಳಿ ಜಾರುವುದು ಸಾಮಾನ್ಯ. ಜಾರಿದನೆಂದರೆ ಚಿಕಿತ್ಸೆ ವ್ಯರ್ಥವಾಯಿತೆಂದಲ್ಲ, ವೈದ್ಯರನ್ನು ಬೇಗ ಕಾಣಬೇಕೆಂದರ್ಥ. ಆದರೆ ಎರಡನೆಯ ಸಾಲ ಮಾತ್ರ ಇಲ್ಲ. ಮೊದಲ ದಿನವೇ ಇದನ್ನು ಹೇಳಿಟ್ಟಿರಿ: “ಇದು ಒಮ್ಮೆ ಮಾತ್ರ. ಮುಂದೆ ಹಸಿವೆಯಾದರೆ ಮನೆಗೆ ಬಾ, ಊಟಕ್ಕೆ ಇದೆ. ಹಣ ಇರುವುದಿಲ್ಲ.”

ಕಾನೂನಿನ ಗಡುವನ್ನೂ ಗಮನದಲ್ಲಿಡಿ. ಕೈಸಾಲಕ್ಕಾಗಲಿ ಪ್ರೋನೋಟಿಗಾಗಲಿ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷ ಕಾಲಾವಕಾಶ, ಸಾಲ ಕೊಟ್ಟ ಅಥವಾ ನೋಟು ಬರೆದ ದಿನದಿಂದ. ಆ ಮೂರು ವರ್ಷದೊಳಗೆ ಅವನು ಭಾಗಶಃ ಹಣ ಕಟ್ಟಿ, ಪ್ರೋನೋಟಿನ ಹಿಂಬದಿಯಲ್ಲಿ ದಿನಾಂಕ, ಮೊತ್ತ ಬರೆದು ಸಹಿ ಹಾಕಿದರೆ, ಅಥವಾ ಬಾಕಿ ಇರುವುದು ನಿಜವೆಂದು ಬರೆದು ಸಹಿ ಮಾಡಿಕೊಟ್ಟರೆ, ಅಲ್ಲಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ. ಹಾಗೆ ಬರೆಯುವುದಕ್ಕೆ ಷರಾ ಎನ್ನುತ್ತಾರೆ. ವರ್ಷಕ್ಕೊಮ್ಮೆ ಷರಾ ಬರೆಸಿಕೊಳ್ಳುವುದನ್ನು ರೂಢಿ ಮಾಡಿಕೊಳ್ಳಿ.

ಅವನು ಚೆಕ್ ಕೊಟ್ಟು ಅದು ಅಮಾನ್ಯವಾದರೆ, ಬ್ಯಾಂಕಿನಿಂದ ಮಾಹಿತಿ ಬಂದ 30 ದಿನಗಳೊಳಗೆ ಬರಹದ ನೋಟಿಸ್ ಕೊಡಬೇಕು, ನೋಟಿಸ್ ತಲುಪಿದ ಮೇಲೆ ಅವನಿಗೆ 15 ದಿನ ಸಮಯ, ಆಮೇಲೆ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ದೂರು. ಈ ದಾರಿ ನಿಮಗಿದೆ ಎಂದು ಹೇಳಿದ್ದೇನೆ, ಹಿಡಿಯಿರಿ ಎಂದಲ್ಲ. ಚೇತರಿಸಿಕೊಳ್ಳುತ್ತಿರುವವನನ್ನು ಇಪ್ಪತ್ತು ಸಾವಿರಕ್ಕಾಗಿ ಕೋರ್ಟಿಗೆ ಎಳೆಯುವುದು ನನಗೆ ಸರಿ ಕಾಣುವುದಿಲ್ಲ. ದುಡಿಮೆಯಿದ್ದೂ ನಿಮ್ಮನ್ನು ತಪ್ಪಿಸಿಕೊಂಡು ತಿರುಗುವವನ ವಿಷಯ ಬೇರೆ.

ಕೊನೆಯ ಕಂತು ಬಂದ ದಿನ ಪ್ರೋನೋಟಿನ ಮೇಲೆ “ಪೂರ್ತಿ ಸಂದಾಯವಾಗಿದೆ” ಎಂದು ಬರೆದು, ದಿನಾಂಕ ಹಾಕಿ, ಸಹಿ ಮಾಡಿ ಅವನಿಗೆ ಮರಳಿಸಿ. ಅದರ ಒಂದು ಫೋಟೋ ನಿಮ್ಮ ಬಳಿಯೂ ಇರಲಿ.